ಪಂಢರಿನಾಥನ ಗೋಡೆಯೊಳಗಿನ ಸಮುದ್ರ

ಪುಣೆ ಪಕ್ಕದ ಚಿಂಚವಾಡದ ನಮ್ಮ ಪಂಢರಿನಾಥ ಕೆಟ್ಟವನೇನಲ್ಲ. ಜಂಬದವ, ಅಷ್ಟೆ. ಸವದತ್ತಿ ಕಡೆಯಿಂದ ಬಂದು ಗಾಡಿಯ ಬಿಡಿಭಾಗಗಳ ಕಾರ್ಖಾನೆಯಲ್ಲಿ ಮ್ಯಾನೇಜರ್ ಆದ ಮೇಲೆ, ಜನ ತನ್ನ ಮನೆಗೆ ಬಂದು ಬಾಯಿ ಬಿಟ್ಟುಕೊಂಡು ನಿಲ್ಲಬೇಕು ಅನ್ನುವ ಚಟ ಅವನಿಗೆ ಅಂಟಿತು. ಅದಕ್ಕಾಗಿ ಹಾಲ್ ಮತ್ತು ಅಡುಗೆಮನೆಯ ನಡುವಿನ ಗೋಡೆ ಒಡೆಸಿ, ಆಳುದ್ದದ ಗಾಜಿನ ತೊಟ್ಟಿ ಕೂರಿಸಿ, ಅದರಲ್ಲಿ ಉಪ್ಪುನೀರಿನ ಮೀನು ಸಾಕಲು ಹೊರಟ. ಹಾಲ್‌ನಲ್ಲಿ ನಿಂತವರಿಗೆ ಗೋಡೆಯೊಳಗೇ ಸಮುದ್ರ ಕಾಣಬೇಕು. ಪಂಪು, ಪೈಪು, ವಾಯರುಗಳೆಲ್ಲ ಅಡುಗೆಮನೆಯ ಕಡೆಗೆ.

ಆ ಕಡೆ ಅವನ ಅಕ್ಕ ಅಂಬಾ ಇದ್ದಳು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು. ಅವನ ಓದು ಮುಗಿಯಲಿ ಅಂತ ಬಂದ ವರಗಳನ್ನೆಲ್ಲ ಹಿಂದಕ್ಕೆ ಕಳಿಸಿ, ಕೊನೆಗೆ ಮದುವೆಯ ಮಾತನ್ನೇ ಬಿಟ್ಟವಳು. ತೊಟ್ಟಿಯ ಬಾಯಿ ಅವಳ ಒಲೆಯ ಪಕ್ಕದಲ್ಲೇ ತೆರೆದಿತ್ತು. ನೀರಿಗೆ ಸಮುದ್ರದ ಉಪ್ಪು ಕಲಸುವಾಗ ಬಕೆಟ್ ಹಿಡಿದವಳು ಅವಳೇ. ಮೀನು ಬಿಡುವ ಮೊದಲು ನೀರು ಹದಕ್ಕೆ ಬರಲು ವಾರಗಟ್ಟಲೆ ಕಾಯಬೇಕು ಎಂದು ತಮ್ಮ ಅಂದಾಗ, "ಮೊಸರು ಹೆಪ್ಪಾದಂಗ ಅನ್ನು" ಅಂದು ನಕ್ಕಿದ್ದಳು.

ಕೊನೆಗೂ ಮೀನು ಬಂದವು, ಕಿತ್ತಳೆ ಮೈಗೆ ಬಿಳಿ ಪಟ್ಟೆಯವು. ಪಂಢರಿನಾಥ ಕಾರ್ಖಾನೆಯ ದೊಡ್ಡ ಸಾಹೇಬರನ್ನು, ಅವರ ಹೆಂಡತಿ ಹರ್ಷದಾ ಅವರನ್ನು, ಇನ್ನೂ ನಾಲ್ಕು ಜನರನ್ನು ಚಹಾಕ್ಕೆ ಕರೆದ.

"ಅಕ್ಕಾ, ನೀ ಒಳಗ ಇದ್ದಬಿಡು. ದೊಡ್ಡ ಮಂದಿ ಬರ್ತಾರ. ನಾನು, ನೀಲಿಮಾ ನೋಡ್ಕೋತೀವಿ," ಅಂದ. ನೀಲಿಮಾ ಅವನ ಹೆಂಡತಿ.

"ಆತು ತಗೊ," ಅಂದಳು ಅಂಬಾ. ತನ್ನ ಇಳಕಲ್ ಸೀರೆ, ಹಣೆ ತುಂಬ ಕುಂಕುಮ, ಗಟ್ಟಿ ಗಂಟಲು ತಮ್ಮನಿಗೆ ಮುಜುಗರ ತರುತ್ತವೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ.

ಅತಿಥಿಗಳು ಗಾಜಿನ ಮುಂದೆ ನಿಂತು ವ್ಹಾ ವ್ಹಾ ಅನ್ನುತ್ತಿದ್ದಾಗ, ನೀರಿನ ಮೇಲಿನಿಂದ ಹಳದಿ ಮೋಡವೊಂದು ಇಳಿಯಿತು. ಅದರ ಹಿಂದೆ ಕೆಂಪು. ಆಮೇಲೆ ಒಂದು ಚೆಂಡುಹೂ. ಬಾವಿಯಾಗಲಿ, ಬೋರ್ ಆಗಲಿ, ಮನೆಗೆ ಹೊಸ ನೀರು ಬಂದರೆ ಗಂಗಾಪೂಜೆ ಆಗಬೇಕು. ಸವದತ್ತಿ ಕಡೆ ಅದು ತಪ್ಪಿಸುವಂತಿಲ್ಲ. ತಮ್ಮ ಮರೆತಿದ್ದಾನೆ, ಮಂದಿಯ ದೃಷ್ಟಿ ತಾಗುವುದು ಬೇಡ ಎಂದು ಅಂಬಾ ಅರಿಶಿನ, ಕುಂಕುಮ, ಹೂ ಏರಿಸಿ ಕೈ ಮುಗಿದಿದ್ದಳು. ನೀರಿಗೆ ಏನು ಬಿದ್ದರೆ ಮೀನು ಸಾಯುತ್ತವೆ ಎಂದು ಬಂದವರಿಗೆಲ್ಲ ಭಾಷಣ ಬಿಗಿದ ಮನುಷ್ಯ, ದಿನವೂ ಅದರ ಪಕ್ಕದಲ್ಲೇ ನಿಲ್ಲುವ ಅಕ್ಕನಿಗೆ ಮಾತ್ರ ಹೇಳಿರಲಿಲ್ಲ. ಮೀನುಗಳು ಕಲ್ಲಿನ ಸಂದಿಗೆ ಓಡಿದವು.

"ಯಾರು ಅದು ಒಳಗೆ?" ಎಂದು ಹರ್ಷದಾ ಮರಾಠಿಯಲ್ಲಿ ಕೇಳಿದರು.

"ಅಡುಗೆಯವಳು. ಹಳ್ಳಿಯಾಕೆ, ಏನೂ ತಿಳಿಯುವುದಿಲ್ಲ," ಅಂದುಬಿಟ್ಟ ಪಂಢರಿನಾಥ, ಮರಾಠಿಯಲ್ಲೇ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಡುಗೆಮನೆಯ ಬಾಗಿಲು ತೆರೆದೇ ಇತ್ತು. ಇಷ್ಟು ವರ್ಷ ಇಲ್ಲಿಯ ಮಂಡಿಯಲ್ಲಿ ಚೌಕಾಸಿ ಮಾಡಿ ತರಕಾರಿ ತಂದವಳಿಗೆ ಮರಾಠಿ ಬಾರದೇ? ನೀಲಿಮಾ ಒಳಗೆ ಹೋಗಲು ಎದ್ದಳು. ಅಷ್ಟರಲ್ಲಿ ಅಂಬಾ ತಾನೇ ಚಹಾದ ಟ್ರೇ ಹಿಡಿದು ಬಂದಳು, ತಲೆಯ ಮೇಲೆ ಸೆರಗು ಹೊದ್ದು, ಕಣ್ಣು ನೆಲಕ್ಕೆ ನೆಟ್ಟು. ಎಲ್ಲರಿಗೂ ಕೊಟ್ಟು ಕೊನೆಗೆ ತಮ್ಮನ ಮುಂದೆ ಬಗ್ಗಿದಳು.

"ತಪ್ಪಾಯಿತು ಸಾಹೇಬರೇ. ಇನ್ನೊಮ್ಮೆ ಹೀಗೆ ಮಾಡುವುದಿಲ್ಲ," ಅಂದಳು. ಅವಳ ಮರಾಠಿಯಲ್ಲಿ ಒಂದು ತಪ್ಪೂ ಇರಲಿಲ್ಲ.

ಪಂಢರಿನಾಥ ಕಪ್ಪು-ಬಸಿ ಕೆಳಗಿಟ್ಟ. ನಾಚಿಕೆಗೆ ಕಿವಿ ಸುಟ್ಟವು. ತನ್ನ ಮಾನ ಉಳಿಯಲಿ ಅಂತ ಅವಳು ಮಂದಿಯ ಮುಂದೆ ಆಳಾಗಿ ನಿಂತಿದ್ದಾಳೆ ಎಂಬುದು ಅವನಿಗೆ ಚೆನ್ನಾಗಿ ತಿಳಿಯಿತು.

"ಈಗರೆ ಹೇಳ್ರೀ," ಎಂದು ನೀಲಿಮಾ ಪಕ್ಕದಿಂದ ಪಿಸುಗುಟ್ಟಿದಳು.

ಎದ್ದು ನಿಂತ. ಇವಳು ನನ್ನ ಒಡಹುಟ್ಟಿದವಳು, ನಾನು ಸುಳ್ಳಾಡಿದೆ ಅನ್ನಬೇಕು. ದೊಡ್ಡ ಸಾಹೇಬರು ಅವನನ್ನೇ ನೋಡುತ್ತಿದ್ದರು. ನಾಲಗೆ ನಡುದಾರಿಯಲ್ಲಿ ಕೈಕೊಟ್ಟಿತು.

"ಹಾಗಲ್ಲ... ಇವರು ನಮ್ಮ ಮನೆಯವರೇ ಇದ್ದ ಹಾಗೆ," ಅಂದ.

ಹರ್ಷದಾ ಅವರ ಮುಖ ಅರಳಿತು. "ಎಂಥ ಮನಸ್ಸು ನೋಡಿ! ಇಷ್ಟೆಲ್ಲ ಹಾಳು ಮಾಡಿದರೂ ಅಡುಗೆಯವಳನ್ನು ಮನೆಯವಳು ಅನ್ನುತ್ತಾರೆ."

ಎಲ್ಲರೂ ತಲೆದೂಗಿದರು. ಸಾಹೇಬರು ಅವನ ಬೆನ್ನು ತಟ್ಟಿದರು. "ಹೌದು ಬಾಯಿಸಾಹೇಬರೇ, ನಮ್ಮ ಸಾಹೇಬರು ತುಂಬ ಒಳ್ಳೆಯವರು," ಎಂದು ಅಂಬಾ ಖಾಲಿ ಟ್ರೇ ತೆಗೆದುಕೊಂಡು ಒಳಗೆ ಹೋದಳು.

ಪಂಢರಿನಾಥ ತಲೆ ತಗ್ಗಿಸಿ ಕೂತ.

"ವಿನಯ ನೋಡಿ," ಅಂದರು ಹರ್ಷದಾ.