ನೆಲುವಿಗೆ ಮಾತ್ರ ನೆಟ್ಟಗೆ

ಎಪ್ಪತ್ತರ ದಶಕದಲ್ಲಿ ಬೆಟಗೇರಿಯಿಂದ ಲಕ್ಷ್ಮೇಶ್ವರಕ್ಕೆ ಸೊಸೆಯಾಗಿ ಹೋದೆ. ಗಂಡನಿಗಿಂತ ನಾನು ನಾಲ್ಕು ಬೆರಳು ಎತ್ತರ. ಅವರಿಗೆ ಅದರ ಚಿಂತೆಯೇ ಇರಲಿಲ್ಲ; ಅತ್ತೆಗೆ ನಿದ್ದೆ ಬರುತ್ತಿರಲಿಲ್ಲ. ಮನೆ ತುಂಬಿದ ದಿನವೇ ನನ್ನ ಕುತ್ತಿಗೆಯ ಮೇಲೆ ಕೈಯಿಟ್ಟು ಒತ್ತಿದಳು.

"ಗಂಡನಕಿಂತ ನಿನ್ನ ತಲಿ ಮ್ಯಾಲ ಕಂಡ್ರ ಮನಿ ಮರ್ಯಾದಿ ಏನ ಉಳೀತು? ಬಗ್ಗಿ ನಡಿ."

ಬಗ್ಗಿದೆ. ನೀರು ತರುವಾಗ, ಗಂಡನ ಪಕ್ಕ ಗದಗಿನ ಬಸ್ಸಿಗೆ ನಿಂತಾಗ, ಎಲ್ಲ ಹೊತ್ತೂ. ತುಸು ನೆಟ್ಟಗಾದರೆ ಸಾಕು, ಹಿಂದಿನಿಂದ ಸೌಟಿನ ಹಿಡಿ ಬೀಳುತ್ತಿತ್ತು. ಕುತ್ತಿಗೆ ಹಿಡಿಯಿತು, ತಲೆ ಸಿಡಿಯತೊಡಗಿತು, ಉಸಿರು ಅರ್ಧ ಎದೆಗೇ ನಿಲ್ಲುತ್ತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ನೆಲ ನೋಡಿ ನೋಡಿ ನನ್ನ ದನಿಯೇ ಇಳಿದುಹೋಯಿತು. ತವರಿನಲ್ಲಿ ಓಣಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದವಳು ಎಲ್ಲದಕ್ಕೂ ಹೂಂ ಎನ್ನತೊಡಗಿದೆ. ಸುಮ್ಮಸುಮ್ಮನೆ ಅಳು ಬರುತ್ತಿತ್ತು.

ಗದಗಿನ ಡಾಕ್ಟರು ನನ್ನನ್ನು ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿದರು. ಎಲುಬಿಗೇನೂ ಆಗಿಲ್ಲ, ನೆಟ್ಟಗೆ ನಿಲ್ಲದಿದ್ದರೆ ಮಾತ್ರ ಬೆನ್ನು ಹೀಗೇ ಉಳಿದುಬಿಡುತ್ತದೆ ಎಂದರು. ಊರು ಮುಟ್ಟುವವರೆಗೂ ಅತ್ತೆ ಡಾಕ್ಟರನ್ನು ಬೈದಳು.

ಒಂದು ಕೆಲಸಕ್ಕೆ ಮಾತ್ರ ನನ್ನ ಎತ್ತರ ಆಕೆಗೆ ಬೇಕಿತ್ತು. ಬೆಕ್ಕಿಗೆ ಸಿಗದಂತೆ ತುಪ್ಪದ ಗಡಿಗೆಯನ್ನು ತೊಲೆಗೆ ತೂಗುಬಿಟ್ಟ ಹಗ್ಗದ ನೆಲುವಿನಲ್ಲಿ ಇಡುತ್ತಿದ್ದೆವು. ನಾನು ಬಂದ ಮೇಲೆ ನೆಲುವನ್ನು ನನ್ನೊಬ್ಬಳ ಕೈಗಷ್ಟೇ ಎಟುಕುವಂತೆ ಇನ್ನೂ ಮೇಲೇರಿಸಿ, ಹತ್ತುವ ಸ್ಟೂಲನ್ನು ಯಾರಿಗೋ ಕೊಟ್ಟುಬಿಟ್ಟಿದ್ದಳು. ತುಪ್ಪ ಇಳಿಸುವಾಗ ಸೊಸೆ ನೆಟ್ಟಗಾಗಬೇಕು, ಇಳಿಸಿದ ಮೇಲೆ ಮತ್ತೆ ಬಗ್ಗಬೇಕು. ಎಂಥಾ ನ್ಯಾಯ ನೋಡಿ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಆ ಕಾಲ ತಾನಾಗಿ ಬರಲಿ ಎಂದು ಕೂರುವಷ್ಟು ಒಳ್ಳೆಯವಳು ನಾನಲ್ಲ.

ಒಂದು ದಿನ ಮುಂಡರಗಿಯಿಂದ ನಾದಿನಿಯ ಅತ್ತೆ-ಮಾವ ಬಂದರು. ಬೀಗರೆಂದರೆ ಕೇಳಬೇಕೆ, ಅತ್ತೆಯ ಕಾಲು ನೆಲಕ್ಕೆ ಹತ್ತಲಿಲ್ಲ. ತಾಟಿಗೆ ಹೋಳಿಗೆ ಬಿತ್ತು, ತುಪ್ಪ ಇನ್ನೂ ನೆಲುವಿನಲ್ಲೇ ಇತ್ತು. ಅದನ್ನು ಒಯ್ಯಲು ನನ್ನ ಗಂಡ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಅತ್ತೆ ನನಗೆ ಕಣ್ಸನ್ನೆ ಮಾಡಿದಳು. ನಾನು ಇನ್ನಷ್ಟು ಬಗ್ಗಿ, ಪಡಸಾಲೆಗೆಲ್ಲ ಕೇಳುವಂತೆ ಹೇಳಿದೆ:

"ಇವರು ಇಲ್ಲೇ ನಿಂತಾರಲ್ರಿ ಅತ್ತಿ. ಇವರ ಮುಂದ ನಾ ಹೆಂಗ ತಲಿ ಎತ್ತಲಿ?"

ಬೀಗಿತಿ ಊಟ ನಿಲ್ಲಿಸಿ ಇತ್ತ ನೋಡಿದಳು. ಅತ್ತೆ ತುದಿಗಾಲಲ್ಲಿ ನಿಂತು ಕೈ ಚಾಚಿದಳು. ಗಡಿಗೆ ಎಲ್ಲಿ, ಅವಳೆಲ್ಲಿ. ನನ್ನ ಹೊಟ್ಟೆ ತಣ್ಣಗಾಯಿತು. ತಲೆ ಎತ್ತು ಎಂದು ಪಿಸುಗುಟ್ಟಿದಳು. ಕೇಳಿಸಲಿಲ್ಲ ಎಂದೆ.

"ತಲಿ ಎತ್ತವಾ," ಎಂದಳು, ಎಲ್ಲರಿಗೂ ಕೇಳುವಂತೆ.

ಎತ್ತಿದೆ. ತುಪ್ಪ ಇಳಿಸಿಕೊಟ್ಟು ಗಂಡನ ಪಕ್ಕವೇ ನಿಂತೆ. ಆಮೇಲೆ ಯಾವತ್ತೂ ಬಗ್ಗಲಿಲ್ಲ. ಸೊಸೆಗೆ ಸೊಕ್ಕು ಬಂದಿದೆಯೆಂದು ಅತ್ತೆ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು. ಹೇಳಲಿ. ತಲೆನೋವು ಹೋಯಿತು, ಉಸಿರು ಹೊಟ್ಟೆಯವರೆಗೆ ಇಳಿಯಿತು, ದನಿ ಬಂತು. ಕುತ್ತಿಗೆಯ ಹಿಂದಿನ ಗೂನು ಮಾತ್ರ ಉಳಿದೇ ಹೋಯಿತು. ಅತ್ತೆ ತೀರಿಕೊಂಡು ವರ್ಷಗಳಾದವು, ಇನ್ನಾದರೂ ಕ್ಷಮಿಸಿಬಿಡು ಎನ್ನುತ್ತಾಳೆ ಮಗಳು. ನಾನು ಅವಳ ಕೈ ಹಿಡಿದು ಆ ಗೂನಿನ ಮೇಲೆ ಇಡುತ್ತೇನೆ.