ಹುಲಿಯ ನಡಿಗೆ

ಮೊಹರಂ ಬಂತೆಂದರೆ ನಮ್ಮೂರು ಸಾರವಾಡದಲ್ಲಿ ಮೈಗೆ ಹಳದಿ ಬಳಿದುಕೊಂಡು, ಹಲಗೆಯ ಬಡಿತಕ್ಕೆ ಕುಣಿಯುವ ಹುಲಿಯಾಗುವವನು ನನ್ನ ಕಾಕಾ. ನಾನು ಹುಟ್ಟುವ ಮೊದಲಿನಿಂದಲೂ ಅವನೇ ಹುಲಿ. ಈಚೆಗೆ ಮೊಣಕಾಲು ಕೈಕೊಟ್ಟಿದೆ. ಈ ಸಲ ಹುಲಿಯ ಸೋಗನ್ನು ನನಗೆ ಬಿಟ್ಟುಕೊಡಲಿ ಎಂದು ಮನೆಯವರೆಲ್ಲ ಅವನ ಹಿಂದೆ ಬಿದ್ದರು.

"ಇಷ್ಟ ವರ್ಷ ಹುಲಿ ನೋಡಲಾರದ ಹುಲಿ ಆಗೇನಿ. ಖರೇ ಹುಲಿ ಹೆಂಗ ನಡೀತೈತಿ, ಒಮ್ಮೆ ನೋಡತೇನಿ. ಆಮ್ಯಾಲ ಬಿಡೂದು ಹಿಡಿಯೂದು," ಅಂದ ಕಾಕಾ.

ನೇಪಾಳದ ಗಡಿಯ ಹತ್ತಿರ ಒಂದು ಜೌಗು ಕಾಡಿದೆ, ಅಲ್ಲಿ ಹುಲಿ ಕಾಣುತ್ತದೆ ಎಂದು ಯಾರೋ ಹೇಳಿದ್ದರು. ದುಭಾಷಿಯೆಂದು ನನ್ನನ್ನು ಜೊತೆಗೆ ಕಳಿಸಿದರು. ಎಮ್ಮೆಯ ಸೀನು, ಕಂಡಕ್ಟರನ ಸಿಡುಕು, ನೆಗಡಿ ಬಂದ ನನ್ನದೇ ದನಿ, ಎಲ್ಲವನ್ನೂ ಅಣಕಿಸಬಲ್ಲೆ. ಆದರೆ ನನ್ನ ಹಿಂದಿ ವಿಜಯಪುರದ ಬಸ್ ಸ್ಟ್ಯಾಂಡ್ ದಾಟಿದರೆ ಯಾರಿಗೂ ತಿಳಿಯದು ಎಂಬುದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ರೈಲಿನಲ್ಲಿ ಕೂತು ಕೂತು ಸೊಂಟ ಸತ್ತಿತ್ತು. ಉಳಿದದ್ದನ್ನು ಜೀಪು ಮುಗಿಸಿತು.

ಎತ್ತ ನೋಡಿದರೂ ನೀರು, ಆಳೆತ್ತರದ ಹುಲ್ಲು. ಭೂತನಾಳ ಕೆರೆಯನ್ನೇ ಸಮುದ್ರವೆಂದು ತಿಳಿದಿದ್ದ ಕಾಕಾ, "ಇಷ್ಟ ನೀರಾಗ ಹುಲಿ ಏನ ಮೀನ ಹಿಡಿಯಾಕ ಬರತೈತೇನಲೇ?" ಅಂದ. ಹೊಟ್ಟೆಯವರೆಗೆ ನೀರಲ್ಲಿ ನಿಂತು ಬಾರಾಸಿಂಗಾಗಳು ಮೇಯುತ್ತಿದ್ದವು. ಕವಲು ಕವಲಾದ ಕೊಂಬಿನ, ಈಗ ಅಪರೂಪವಾಗಿರುವ ಜಿಂಕೆ.

"ಇದರ ತಲಿ ಮ್ಯಾಲ ಜಾಲಿ ಕಂಟಿ ಬೆಳದೈತಲ್ಲೋ ಯಪ್ಪಾ!"

ಅವು ಒಮ್ಮೆಲೇ ಕತ್ತೆತ್ತಿದವು. ಡ್ರೈವರ್ ಎಂಜಿನ್ ನಿಲ್ಲಿಸಿದ. ಮುಂದಿನ ದಾರಿಗೆ ಹುಲ್ಲಿನಿಂದ ಹುಲಿ ಬಂತು. ನಾನು ಕಾಕಾನ ತೊಡೆ ಚಿವುಟಿದೆ. ಅವನು ಟೋಪಿ ತೆಗೆದ, ಕೈ ಮುಗಿದ, ಕಣ್ಣು ಮುಚ್ಚಿದ. ಕಣ್ಣು ತೆರೆದಾಗ ಆ ಕಡೆಯ ಹುಲ್ಲು ಮಾತ್ರ ಅಲುಗಾಡುತ್ತಿತ್ತು.

"ಹೋತೇನ?"

"ಹೋತು ಕಾಕಾ. ಕಣ್ಣ್ಯಾಕ ಮುಚ್ಚಿದ್ರಿ?"

"ದೇವರು ಎದುರಿಗೆ ಬಂದ್ರ ಕಣ್ಣ ಕಿಸದು ನೋಡ್ತಾರೇನಲೇ?"

ಸಂಜೆ ಮತ್ತೆ ಹೋದೆವು. ಮರುದಿನವೂ ಹೋದೆವು. ಸಿಕ್ಕಿದ್ದು ಕೆಸರಿನಲ್ಲಿ ಹೆಜ್ಜೆ ಗುರುತು, ನಮ್ಮ ಮೂಗಿನಲ್ಲಿ ಧೂಳು. ಊರಿಗೆ ಹೊರಡುವ ಮುನ್ನ ವಸತಿಯ ಪಡಸಾಲೆಯಲ್ಲಿ ಕಾಕಾ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದ.

"ನೀ ನೋಡಿದೇನ?"

"ನೋಡಿದೆ."

"ಮಾಡಿ ತೋರ್ಸು."

ನಾನು ಬೆರಳು ಬಾಗಿಸಿ ಪಂಜ ಮಾಡಿಕೊಂಡು ಜಿಗಿದೆ, ಗರ್ಜಿಸಿದೆ.

"ಲೇ, ಅದು ನಂದು. ನನ್ನ ಅಣಕಿಸಬ್ಯಾಡ. ಹುಲಿದು ಮಾಡು."

ಆಗ ನೆನಪು ಮಾಡಿಕೊಂಡೆ. ತಲೆ ತಗ್ಗಿಸಿದೆ. ಒಂದು ಭುಜ ಏರಿತು, ಅದು ಇಳಿದ ಮೇಲೆ ಇನ್ನೊಂದು. ಯಾರ ಕಡೆಗೂ ನೋಡದೆ, ದುಡಿದು ಮನೆಗೆ ಹೊರಟ ಎತ್ತಿನಂತೆ ಪಡಸಾಲೆ ದಾಟಿದೆ.

"ಜಿಗೀಲಿಲ್ಲ?"

"ಇಲ್ರಿ."

"ಒದರಲಿಲ್ಲ?"

"ಇಲ್ರಿ ಕಾಕಾ. ದಣಿದಿತ್ತು ಅನಸ್ತೈತಿ."

ಕಾಕಾ ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. "ಹಂಗಾರ ಇಷ್ಟ ವರ್ಷ ನಾ ಕುಣಿದಿದ್ದು ಯಾವ ಪ್ರಾಣಿದೋ?" ಅಂದ.

ಆಮೇಲೆ ಅವನು ಕಂಬ ಹಿಡಿದು ಎದ್ದ. ತಲೆ ತಗ್ಗಿಸಿ, ನೋವಿನ ಕಾಲನ್ನು ತಡೆದು ತಡೆದು ಇಡುತ್ತ ಆ ತುದಿಯವರೆಗೆ ನಡೆದ. ನಾನು ಕಂಡದ್ದು ಅದೇ ನಡಿಗೆ. ನನ್ನದು ಬರೀ ಅಣಕ.

ತಿರುಗಿ ನಿಂತು ಏದುಸಿರಲ್ಲಿ ಹೇಳಿದ: "ಈ ಸಲನೂ ಹುಲಿ ನಾನ. ನೀ ಹಲಗಿ ಬಡಿ. ಸಾವಕಾಶ ಬಡೀಬೇಕ ನೋಡು."