ತಾತನನ್ನು ಚೆಕ್ ಪಬ್ಬಿಗೆ ಕರೆದೊಯ್ದದ್ದು

ಕ್ಲೇಟನ್ ಹತ್ತಿರದ ಒಂದು ವೃದ್ಧಾಶ್ರಮದಲ್ಲಿ ನಾನು ಕೆಲಸಕ್ಕೆ ಸೇರಿದ್ದು ಎರಡು ಸಾವಿರದ ಆರರಲ್ಲಿ. ಹಾಸನದಲ್ಲಿ ಬಿ.ಕಾಂ. ಮಾಡಿಕೊಂಡು ಬಂದವಳಿಗೆ ಮೆಲ್ಬರ್ನಿನಲ್ಲಿ ಸಿಕ್ಕಿದ್ದು ವಯಸ್ಸಾದವರಿಗೆ ಸ್ನಾನ ಮಾಡಿಸಿ ಊಟ ತಿನ್ನಿಸುವ ಕೆಲಸ. ಮರೆವಿನ ಕಾಯಿಲೆಯವರ ವಿಭಾಗಕ್ಕೆ ಹಾಕಿದರು.

ಅಲ್ಲಿ ಎಂಬತ್ತು ದಾಟಿದ ಒಬ್ಬ ಚೆಕ್ ತಾತ ಇದ್ದರು. ಅರವತ್ತೆಂಟರಲ್ಲಿ ಅವರ ದೇಶಕ್ಕೆ ರಷ್ಯದ ಟ್ಯಾಂಕುಗಳು ಬಂದಾಗ ಊರು ಬಿಟ್ಟವರು. ಇಲ್ಲಿ ಕಾರ್ಖಾನೆಯೊಂದರಲ್ಲಿ ವೆಲ್ಡರ್ ಆಗಿದ್ದರಂತೆ. ಮೂವತ್ತು ವರ್ಷ ಚೆನ್ನಾಗಿಯೇ ಇಂಗ್ಲಿಷ್ ಮಾತಾಡಿದ ಮನುಷ್ಯನಿಗೆ ಕಾಯಿಲೆ ಬಂದ ಮೇಲೆ ಇಂಗ್ಲಿಷ್ ಪೂರ್ತಿ ಹೋಯಿತು. ಉಳಿದದ್ದು ಹುಟ್ಟಿನ ಭಾಷೆ. ಅದು ಆಶ್ರಮದಲ್ಲಿ ಯಾರಿಗೂ ಬರುತ್ತಿರಲಿಲ್ಲ. ಅವರ ಒಬ್ಬಳೇ ಮಗಳಿಗೂ ಬರುತ್ತಿರಲಿಲ್ಲ.

"ಚಿಕ್ಕವಳಿದ್ದಾಗ ಅಪ್ಪ ಚೆಕ್‌ನಲ್ಲಿ ಕೇಳಿದರೆ ನಾನು ಇಂಗ್ಲಿಷ್‌ನಲ್ಲಿ ಉತ್ತರ ಕೊಡ್ತಿದ್ದೆ. ಆಮೇಲೆ ಅವರೇ ಬಿಟ್ಟುಬಿಟ್ಟರು," ಎಂದು ಆಕೆ ಒಮ್ಮೆ ನನಗೆ ಹೇಳಿದಳು.

ಪ್ರತಿ ಸಂಜೆ ಐದರ ಹೊತ್ತಿಗೆ ತಾತ ಒಂದೇ ಮಾತನ್ನು ಕೂಗುತ್ತಿದ್ದರು. ಮೊದಲು ಮೆಲ್ಲಗೆ, ಆಮೇಲೆ ಗಂಟಲು ಹರಿಯುವ ಹಾಗೆ. ನಾವು ನೀರು ಕೊಡುತ್ತಿದ್ದೆವು, ಬಚ್ಚಲಿಗೆ ಕರೆದೊಯ್ಯುತ್ತಿದ್ದೆವು, ಕಂಬಳಿ ಹೊದಿಸುತ್ತಿದ್ದೆವು. ಯಾವುದೂ ಅಲ್ಲ. ಕೊನೆಗೆ ಮಾತ್ರೆ.

ಮಗಳು ಅವರನ್ನು ಸಿಟಿಯ ಒಂದು ಹೆಸರಾದ ಚೆಕ್ ಬಿಯರ್ ಹಾಲ್‌ಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ತುಂಬ ಟೂರಿಸ್ಟುಗಳು. ಕಸೂತಿಯ ಲಂಗ ಹಾಕಿಕೊಂಡು ಬಡಿಸುವ ಹುಡುಗಿಯರಿಗೆ ಚೆಕ್‌ನ ಒಂದು ಅಕ್ಷರವೂ ಗೊತ್ತಿರಲಿಲ್ಲ. ತಾತ ಅತ್ತುಬಿಟ್ಟರಂತೆ. ಆಮೇಲೆ ಯಾರೋ ಇನ್ನೊಂದು ಜಾಗ ಹೇಳಿದರು. ದೂರದ ಸಬರ್ಬ್‌ನಲ್ಲಿ, ಟೈರ್ ಅಂಗಡಿಯ ಹಿಂದೆ, ಹಳೇ ಚೆಕ್ಕರೇ ಹೋಗುವ ಪಬ್. "ನೀನೂ ಬರ್ತೀಯಾ? ನನ್ನೊಬ್ಬಳ ಕೈಲಿ ಅವರನ್ನ ಸಂಭಾಳಿಸೋಕೆ ಆಗಲ್ಲ," ಎಂದು ಕೇಳಿದಳು. ರಜೆಯ ಶನಿವಾರ ಮಧ್ಯಾಹ್ನ ಹೋದೆ.

ಹೊರಗೆ ಬೋರ್ಡ್ ಸಹ ಇರಲಿಲ್ಲ. ಒಳಗೆ ಒಂದು ಉದ್ದ ಮೇಜು, ಏಳೆಂಟು ಮುದುಕರು, ಇಸ್ಪೀಟು. ಕಾರಿನಿಂದ ಇಳಿಯುವುದಿಲ್ಲ ಎಂದು ಹಟ ಮಾಡಿದ್ದ ತಾತ ಆ ಮೇಜಿನ ಹತ್ತಿರ ನಿಂತು ಬೆರಳ ಗಿಣ್ಣಿನಿಂದ ಟಕ್ ಟಕ್ ಎಂದು ಎರಡು ಸಲ ಬಡಿದರು. ಅದು ಅವರ ನಮಸ್ಕಾರವೆಂದು ಆಮೇಲೆ ತಿಳಿಯಿತು. ಎಲ್ಲರೂ ಮೇಜು ಬಡಿದು ಅವರಿಗೆ ಜಾಗ ಮಾಡಿಕೊಟ್ಟರು.

ಕೇಳದೆಯೇ ಬಿಯರ್ ಬಂತು, ಮೇಲೆ ಮೂರು ಬೆರಳಷ್ಟು ನೊರೆ. ಹಬೆಯಲ್ಲಿ ಬೇಯಿಸಿ ಬಿಲ್ಲೆ ಕೊಯ್ದ ಕಡುಬಿನಂಥದ್ದು, ಮಾಂಸದ ಗೊಜ್ಜು ಬಂತು. ನನ್ನ ಕೈಯಿಂದ ಮೂರು ತುತ್ತು ತಿನ್ನುವುದಕ್ಕೆ ಅರ್ಧ ಗಂಟೆ ಮಾಡುತ್ತಿದ್ದ ತಾತ ತಾವೇ ತಟ್ಟೆ ಬರಿದು ಮಾಡಿದರು. ಮಾತಾಡಿದರು. ಏನೋ ಹೇಳಿ ಮೇಜನ್ನೆಲ್ಲ ನಗಿಸಿದರು. ಅವರಿಗೆ ನಗಿಸಲು ಬರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ.

ಮಗಳು ಕಣ್ಣೊರೆಸಿಕೊಳ್ಳುತ್ತ, ಪಕ್ಕದಲ್ಲಿದ್ದ ಬೋಳುತಲೆಯ ಮುದುಕರನ್ನು, "ಅಪ್ಪ ಏನು ಹೇಳ್ತಿದ್ದಾರೆ?" ಎಂದು ಕೇಳಿದಳು.

ಆತ ಗ್ಲಾಸು ತಿರುಗಿಸುತ್ತ ಕೂತರು. "ಈ ಹೆಂಗಸು ಯಾರು ಅಂತ ಕೇಳ್ತಿದ್ದಾನೆ. ನಿನ್ನ ಮಗಳು ಅಂದೆ. ನನಗಿನ್ನೂ ಮದುವೇನೇ ಆಗಿಲ್ಲ ಅಂತಾನೆ."

ಮಗಳು ತಲೆಯಾಡಿಸಿದಳು. ಅದು ಅವಳಿಗೆ ಗೊತ್ತಿದ್ದದ್ದೇ ಇರಬೇಕು. ನಾನು ಧೈರ್ಯ ಮಾಡಿ ಸಂಜೆಯ ಆ ಕೂಗನ್ನು ನನಗೆ ಬಂದ ಹಾಗೆ ಅಂದು ತೋರಿಸಿದೆ. ಮೊದಲ ಸಲ ಬೋಳುತಲೆಯವರಿಗೆ ಅರ್ಥವಾಗಲಿಲ್ಲ. ಎರಡನೆಯ ಸಲ ಅವರ ಮುಖ ಬಿಗಿಯಿತು.

"ಬೀಗ ಹಾಕಬೇಡಿ. ಇನ್ನೂ ಒಬ್ಬ ಹೊರಗಿದ್ದಾನೆ, ಬೀಗ ಹಾಕಬೇಡಿ," ಎಂದು ಅರ್ಥ ಹೇಳಿದರು.

ಐದು ಗಂಟೆಗೆ ತೋಟದ ಕಡೆಯ ಬಾಗಿಲಿಗೆ ಬೀಗ ಹಾಕುವುದು ನಮ್ಮ ನಿಯಮ. ಹಾಕುತ್ತಿದ್ದವಳು ಹೆಚ್ಚಾಗಿ ನಾನೇ. ಹೊರಗೆ ಇರುವವನು ಯಾರು ಎಂದು ಆತ ಚೆಕ್‌ನಲ್ಲಿ ಕೇಳಿದರು. ತಾತ ಬಿಯರ್ ನೊರೆಯನ್ನೇ ನೋಡುತ್ತ ಕೂತರು. ಆಮೇಲೆ ಎಷ್ಟು ಮಾತಾಡಿಸಿದರೂ ಬಾಯಿ ಬಿಡಲಿಲ್ಲ.

ಹೊರಡುವಾಗ ಬೋಳುತಲೆಯವರು, "ಪ್ರತಿ ಶನಿವಾರ ಕರ್ಕೊಂಡು ಬನ್ನಿ, ನಾವು ಇಲ್ಲೇ ಇರ್ತೀವಿ," ಎಂದರು.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. "ನನಗೂ ಹಿಂಗೇ ಇಂಗ್ಲಿಷ್ ಮರೆತುಹೋದ್ರೆ ಏನ್ರೀ ಮಾಡ್ತೀರಾ?"

"ನಾನಿರ್ತೀನಲ್ವೇನೇ."

"ನೀವು ಮೊದ್ಲು ಹೋದ್ರೆ?"

ಅವರು ಟಿವಿ ಕಡೆ ತಿರುಗಿದರು. ಹೋಮ್‌ವರ್ಕ್ ಮಾಡುತ್ತಿದ್ದ ನಮ್ಮ ಮಗಳು ತಲೆಯೆತ್ತಿ, "ವಾಟ್ ಹ್ಯಾಪನ್ಡ್, ಅಮ್ಮ?" ಎಂದಳು. ಏನಿಲ್ಲ ಕಣೇ ಎಂದೆ.

ಸೋಮವಾರ ಮ್ಯಾನೇಜರ್ ಹತ್ತಿರ ಹೋಗಿ, ಬೀಗವನ್ನು ಒಂದು ಗಂಟೆ ತಡವಾಗಿ ಹಾಕಬಹುದೇ ಎಂದು ಕೇಳಿದೆ. ಆಕೆ ಕೆಟ್ಟವಳಲ್ಲ. ಪೂರ್ತಿ ಕೇಳಿಸಿಕೊಂಡಳು. "ಯಾರಾದರೂ ರಸ್ತೆಗೆ ಹೋಗಿಬಿಟ್ಟರೆ?" ಎಂದಳು. ಆ ಸಂಜೆಯೂ ಐದಕ್ಕೆ ಬೀಗ ಹಾಕಿದೆ. ತಾತ ಕೂಗಿದರು. ಅರ್ಥ ಗೊತ್ತಿಲ್ಲದಿದ್ದಾಗ ಸಹಿಸಿಕೊಳ್ಳಬಹುದಾಗಿತ್ತು.

ಮುಂದಿನ ಶನಿವಾರ ಅವರು ಕಾರು ಹತ್ತಲಿಲ್ಲ. ಅದರ ಮುಂದಿನ ವಾರ ಹಾಸಿಗೆಯಿಂದಲೇ ಏಳಲಿಲ್ಲ. ಚಳಿಗಾಲ ಮುಗಿಯುವ ಮೊದಲೇ ನ್ಯುಮೋನಿಯ ಬಂದು ಹೋಗಿಬಿಟ್ಟರು. ಕೊನೆಯ ದಿನ ಏನೋ ಪಿಸುಗುಟ್ಟುತ್ತಲೇ ಇದ್ದರು. ಮಗಳು ಅವರ ಬಾಯಿಗೆ ಕಿವಿ ಹಚ್ಚಿಕೊಂಡು ಮಧ್ಯಾಹ್ನವಿಡೀ ಕೂತಿದ್ದಳು.

ಬಟ್ಟೆಬರೆ ತೆಗೆದುಕೊಂಡು ಹೋಗಲು ಬಂದಾಗ ಅವಳು, "ಪಬ್ಬಿನವರಿಗೆ ತಿಳಿಸಬೇಕು. ನನ್ನ ಕೈಲಾಗಲ್ಲ. ನೀನು ಒಂದ್ಸಲ ಹೋಗಿ ಬರ್ತೀಯಾ?" ಎಂದಳು.

ಹೋಗ್ತೀನಿ ಎಂದೆ. ನಾನು ಹೋಗಲಿಲ್ಲ.